ದೂರಯಾನದ ಹಳೆಯ ಮೋಟಾರುಗಾಡಿ

ಮೋಟಾರುಗಾಡಿಯ ವಿಷಯವನ್ನು ಗೃಹಸ್ಥರ ಪತ್ರಿಕೆಯಲ್ಲಿ ಬರೆಯುವುದು ಯುಕ್ತವೇ ಎಂದು ವಾಚಕರಲ್ಲಿ ಕೆಲವರು ಶಂಕಿಸಬಹುದು. ಅಡಿಗೆ, ಆರೋಗ್ಯ, ಶಿಶುಪೋಷಣೆ, ಉಳಿತಾಯ ಇವುಗಳನ್ನು ಕುರಿತು ಬರೆದಾಗ ಯಾರೂ ಕೇಳದಿರುವ ಪ್ರಶ್ನೆಯಿದು. ಆದರೆ ಸಂಸಾರದ ಹಣವು ಯಾವ ಯಾವ ಬಾಗಿಲಿನಿಂದ ಹೊರಕ್ಕೆ ಹೋಗುತ್ತದೆಂಬುದನ್ನು ವಿಚಾರಿಸುವವರಿಗೆ ಮೋಟಾರುಗಾಡಿಯ ಬಾಗಿಲು ಕಿರಿದಾದುದೇನೂ ಅಲ್ಲ. ಅದರಲ್ಲಿಯೂ, ಅಗತ್ಯಕ್ಕಾಗಿ ಕೊಂಡ ಗಾಡಿಯೊಂದು ಮನೆಯ ಮುಂದೆ ನಿಂತಿರುವಾಗಲೇ ಆಸೆಗಾಗಿ ಮತ್ತೊಂದನ್ನು, ಅದೂ ಮೂವತ್ತು ನಲವತ್ತು ವರ್ಷ ಹಳೆಯದಾದುದನ್ನು, ಕೊಳ್ಳಬೇಕೆಂದು ಯಜಮಾನನು ಹೊರಟರೆ ಆ ಮನೆಯಲ್ಲಿ ಚರ್ಚೆಯು ಒಂದೆರಡು ದಿನಗಳಲ್ಲಿ ಮುಗಿಯತಕ್ಕದ್ದಲ್ಲ. ಯೂರೋಪಿನಲ್ಲಿಯೂ ಅಮೆರಿಕದಲ್ಲಿಯೂ ಇಂತಹ ಚರ್ಚೆ ನಡೆಯುತ್ತಿರುವ ಮನೆಗಳು ಅನೇಕವಾಗಿವೆ. ಅಲ್ಲಿಗೆ ಹೋಗಿ ನೆಲಸಿರುವ ನಮ್ಮವರ ಮನೆಗಳೂ ಅವುಗಳಲ್ಲಿ ಸೇರಿವೆ. ಆದಕಾರಣ ಈ ತಿಂಗಳು ಆ ಗಾಡಿಗಳ ವಿಷಯವಾಗಿ ನಾಲ್ಕು ಮಾತುಗಳನ್ನು ಬರೆಯಲು ಉದ್ದೇಶಿಸಿದ್ದೇವೆ.

ಊರಿನಲ್ಲಿಯೇ ಇರುವ ವಾಚಕರಿಗೆ ಇದು ಓದಿನ ವಿನೋದ ಮಾತ್ರವೇ ಸರಿ. ಹೊರದೇಶದಲ್ಲಿ ಬಳಸಿದ ಮೋಟಾರುಗಾಡಿಯನ್ನು ಭಾರತಕ್ಕೆ ತರಬೇಕಾದರೆ ಸಾಮಾನ್ಯವಾಗಿ ಅದು ತಯಾರಾಗಿ ಮೂರು ವರ್ಷ ಮೀರಿರಬಾರದು, ಅದರ ಚಾಲಕಚಕ್ರವು ಬಲಗಡೆಗೆ ಇರಬೇಕು ಎಂಬ ನಿಯಮವಿದೆ. ನಾವು ಹೇಳಹೊರಟಿರುವ ಗಾಡಿಯಾದರೋ ೧೯೯೫ನೆಯ ಇಸವಿಯಿಂದ ಈಚೆಗೆ ತಯಾರಾಗಿಯೇ ಇಲ್ಲ.

ದೂರಯಾನದ ಗಾಡಿ ಎಂಬ ವರ್ಗಕ್ಕೆ ಇಟಲಿಯವರು ‘ಗ್ರಾನ್ ಟುರಿಸ್ಮೊ’ ಎಂದು ಹೆಸರಿಟ್ಟರು. ಇದು ಮೋಟಾರು ಹುಟ್ಟುವುದಕ್ಕೆ ಬಹಳ ಹಿಂದಿನ ಮಾತಿನಿಂದ ಬಂದ ಹೆಸರು. ಹದಿನೇಳು ಹದಿನೆಂಟನೆಯ ಶತಮಾನಗಳಲ್ಲಿ ಇಂಗ್ಲೆಂಡಿನ ಶ್ರೀಮಂತರ ಮಕ್ಕಳು ವಿದ್ಯಾಭ್ಯಾಸವನ್ನು ಪೂರೈಸಿಕೊಳ್ಳುವ ಸಲುವಾಗಿ ಫ್ರಾನ್ಸನ್ನು ಹಾದು, ಆಲ್ಪ್ಸ್ ಪರ್ವತಗಳನ್ನು ದಾಟಿ, ಫ್ಲಾರೆನ್ಸ್, ರೋಮ್, ನೇಪಲ್ಸ್ ಪಟ್ಟಣಗಳವರೆಗೆ ಹೋಗಿಬರುತ್ತಿದ್ದರು. ಆ ಮಹಾಯಾತ್ರೆಗೆ ಒಂದೆರಡು ವರ್ಷಗಳೇ ಹಿಡಿಯುತ್ತಿದ್ದುದುಂಟು. ಕುದುರೆಸಾರೋಟಿನ ಕಾಲವು ಹೋಗಿ ಮೋಟಾರಿನ ಕಾಲವು ಬಂದಮೇಲೆ ಆಲ್ಫಾ ರೋಮಿಯೋ ಕಂಪೆನಿಯವರು ೧೯೩೦ರ ಸುಮಾರಿಗೆ ತಮ್ಮದೊಂದು ಗಾಡಿಗೆ ಈ ಹೆಸರನ್ನಿಟ್ಟರು. ೧೯೫೧ರಲ್ಲಿ ಲಾನ್ಚಿಯಾ ಕಂಪೆನಿಯ ಔರೇಲಿಯಾ ಜಿ.ಟಿ. ಎಂಬ ಗಾಡಿಯು ಹೊರಬಂದು, ಅದೇ ವರ್ಷ ಇಟಲಿಯ ಸಾವಿರ ಮೈಲಿಯ ಪಂದ್ಯದಲ್ಲಿ ತನಗಿಂತ ಎಷ್ಟೋ ದೊಡ್ಡ ಎಂಜಿನ್ನಿನ ಗಾಡಿಗಳನ್ನು ಹಿಂದೆ ಹಾಕಿ ಎರಡನೆಯ ಸ್ಥಾನವನ್ನು ಪಡೆಯಿತು. ಅಲ್ಲಿಂದೀಚೆಗೆ ಈ ವರ್ಗದ ಲಕ್ಷಣವು ನಿಶ್ಚಿತವಾಯಿತೆನ್ನಬಹುದು. ಇಬ್ಬರಿಗೆ ಸುಖಾಸನ, ಹಿಂದೆ ಇನ್ನಿಬ್ಬರು ಚಿಕ್ಕವರಿಗೆ ಸ್ಥಳ, ಪೆಟ್ಟಿಗೆ ಹಾಸಿಗೆಗಳಿಗೆ ಜಾಗ, ಬೆಳಗಿನಿಂದ ಸಂಜೆಯವರೆಗೆ ಓಡಿದರೂ ಆಯಾಸವಾಗದ ನಡೆ, ಮತ್ತು ಮುಂಭಾಗದಲ್ಲಿ ಬಲವಾದ ಎಂಜಿನ್ನು.

ಎಂಜಿನ್ನು ಮುಂದೆಯೇ ಏಕಿರಬೇಕು ಎಂಬುದು ಸಣ್ಣ ಪ್ರಶ್ನೆಯಲ್ಲ. ೧೯೬೬ರಲ್ಲಿ ಲಾಂಬೋರ್ಗಿನಿ ಕಂಪೆನಿಯವರು ಎಂಜಿನ್ನನ್ನು ಆಸನಗಳ ಹಿಂದೆ, ಗಾಡಿಯ ನಡುವೆ, ಇಟ್ಟು ಮಿಯೂರಾ ಎಂಬ ಗಾಡಿಯನ್ನು ಜಿನೀವಾದಲ್ಲಿ ಪ್ರದರ್ಶಿಸಿದ ಕೂಡಲೇ ಪ್ರಪಂಚವೆಲ್ಲ ಅದರ ಕಡೆಗೆ ತಿರುಗಿತು. ಪಂದ್ಯದ ದೃಷ್ಟಿಯಿಂದ ಅದು ಸರಿಯಾದ ಏರ್ಪಾಡೇ ಹೌದು. ಆದರೆ ಕಾದ ಯಂತ್ರವು ಕಿವಿಯ ಹಿಂದೆಯೇ ಕುಳಿತು ಗರ್ಜಿಸುತ್ತಿರುವಾಗ ದಂಪತಿಗಳು ಮಾತನಾಡುವುದು ಕಷ್ಟ, ಮಕ್ಕಳಿಗೆ ಸ್ಥಳವಿಲ್ಲ, ಸಾಮಾನು ಇಡಲು ಒಂದು ಗೂಡು ಮಾತ್ರ, ದುರಸ್ತಿಗೆ ಕೈ ಹಾಕಿದರೆ ಕೆಲವು ಗಾಡಿಗಳಲ್ಲಿ ಎಂಜಿನ್ನನ್ನೇ ಹೊರಕ್ಕೆ ಇಳಿಸಬೇಕು. ಫೆರಾರಿ ಕಂಪೆನಿಯವರು ೧೯೭೩ರಿಂದ ತಮ್ಮ ದೊಡ್ಡ ಎರಡಾಸನದ ಗಾಡಿಯಲ್ಲಿ ಎಂಜಿನ್ನನ್ನು ಹಿಂದಕ್ಕೆ ಸರಿಸಿದ್ದವರು, ೧೯೯೬ರಲ್ಲಿ ೫೫೦ ಮಾರನೆಲ್ಲೊ ಎಂಬ ಗಾಡಿಯನ್ನು ತಂದಾಗ ಮತ್ತೆ ಮುಂದಕ್ಕೇ ತಂದರು. ಪಂದ್ಯದ ಗಾಡಿ ಬೇರೆ, ಪ್ರಯಾಣದ ಗಾಡಿ ಬೇರೆ ಎಂಬುದನ್ನು ಇಷ್ಟು ದೊಡ್ಡ ಕಂಪೆನಿಯೇ ಒಪ್ಪಿಕೊಂಡಂತಾಯಿತು.

ಈ ವರ್ಗದಲ್ಲಿ ಉದಾಹರಣೆಗೆ ನಾವು ಆರಿಸಿಕೊಂಡಿರುವುದು ಜರ್ಮನಿಯ ಪೋರ್ಷೆ ಕಂಪೆನಿಯ ೯೨೮ ಎಂಬ ಗಾಡಿಯನ್ನು. ಇಂಗ್ಲೆಂಡಿನ ಜಾಗ್ವಾರ್ ಎಕ್ಸ್.ಜೆ.ಎಸ್. ಗಾಡಿಯನ್ನೂ ಆರಿಸಬಹುದಾಗಿತ್ತು, ಹನ್ನೆರಡು ಸಿಲಿಂಡರುಗಳ ಅದರ ಎಂಜಿನ್ನಿನ ಮೃದುತ್ವವನ್ನು ಹೊಗಳದವರಿಲ್ಲ. ಆದರೆ ಅದರ ಮೈಗೆ ತುಕ್ಕು ಬಹುಬೇಗ ಹತ್ತುತ್ತದೆ. ೯೨೮ರ ಉಕ್ಕಿನ ಮೈಗೆ ಸತುವಿನ ಲೇಪವಿರುವುದರಿಂದ ಈ ಬಾಧೆ ಎಷ್ಟೋ ಕಡಮೆ. ಅದಲ್ಲದೆ ಈ ಗಾಡಿಯ ಚರಿತ್ರೆಯಲ್ಲಿ ಒಂದು ಸಣ್ಣ ಕಥೆಯೂ ಇದೆ.

ಪೋರ್ಷೆ ಕಂಪೆನಿಗೆ ಹೆಸರನ್ನು ತಂದುಕೊಟ್ಟದ್ದು ೧೯೬೪ರಿಂದ ಮಾರಾಟವಾಗುತ್ತಿದ್ದ ೯೧೧ ಎಂಬ ಗಾಡಿ. ಅದರಲ್ಲಿ ಎಂಜಿನ್ನು ಹಿಂದಿನ ಚಕ್ರಗಳಿಗಿಂತಲೂ ಹಿಂದೆ ತೂಗುತ್ತಿತ್ತು. ತಣಿಸುವುದಕ್ಕೆ ನೀರಿಲ್ಲ, ಗಾಳಿ ಮಾತ್ರ. ೧೯೭೦ರ ದಶಕದ ಆರಂಭದಲ್ಲಿ ಕಂಪೆನಿಯ ಹಿರಿಯರಿಗೆ ಇದರ ಕಾಲ ಮುಗಿಯುತ್ತ ಬಂದಿತೆಂದು ತೋರಿತು. ಹೊಗೆ, ಸದ್ದು, ರಕ್ಷಣೆ ಇವುಗಳ ವಿಷಯದಲ್ಲಿ ಅಮೆರಿಕದ ಕಾನೂನುಗಳು ಬಿಗಿಯಾಗುತ್ತಿದ್ದವು. ಹಿಂದೆ ಎಂಜಿನ್ನಿರುವ ಗಾಡಿಗಳಿಗೆ ಮುಂದೆ ಏನಾಗುವುದೋ ಎಂಬ ಭಯವಿತ್ತು. ಆಗ ಕಂಪೆನಿಯ ಮುಖ್ಯರಾಗಿದ್ದವರು ಅರ್ನ್ಸ್ಟ್ ಫೂರ್ಮಾನ್. ಇವರು ೧೯೫೦ರ ದಶಕದಲ್ಲಿ ಪೋರ್ಷೆಯ ಪ್ರಸಿದ್ಧವಾದ ಪಂದ್ಯದ ಎಂಜಿನ್ನನ್ನು ರಚಿಸಿದ್ದ ಎಂಜಿನಿಯರರು. ಹಳೆಯದನ್ನು ತಿದ್ದುವ ಗೋಜಿಗೆ ಹೋಗದೆ, ಒಂದು ಮೊಳೆಯನ್ನೂ ಹಳೆಯದರಿಂದ ಎರವಲು ತರದೆ, ಸಂಪೂರ್ಣವಾಗಿ ಹೊಸದೊಂದು ಗಾಡಿಯನ್ನು ರಚಿಸತಕ್ಕದ್ದೆಂದು ತೀರ್ಮಾನವಾಯಿತು. ಮೈಯ ರೂಪವನ್ನು ನಿಶ್ಚಯಿಸಿದ್ದು ರೀಗಾ ಪಟ್ಟಣದಲ್ಲಿ ಹುಟ್ಟಿ ಅಮೆರಿಕದ ಜನರಲ್ ಮೋಟಾರ್ಸಿನಲ್ಲಿ ಕೆಲಸ ಕಲಿತು ಬಂದಿದ್ದ ಅನಾಟೋಲ್ ಲಾಪೀನ್ ಅವರ ತಂಡ. ೧೯೭೭ರ ಮಾರ್ಚಿಯಲ್ಲಿ ಜಿನೀವಾ ಪ್ರದರ್ಶನದಲ್ಲಿ ಗಾಡಿಯು ಕಾಣಿಸಿಕೊಂಡಿತು. ೧೯೭೮ಕ್ಕೆ ಯೂರೋಪಿನ ವರ್ಷದ ಉತ್ತಮ ಗಾಡಿ ಎಂಬ ಬಿರುದು ಅದಕ್ಕೆ ಬಂದಿತು. ಸಾಮಾನ್ಯವಾಗಿ ಮನೆಬಳಕೆಯ ಗಾಡಿಗಳಿಗೆ ಸಲ್ಲುವ ಈ ಬಿರುದನ್ನು ಪಡೆದ ಕ್ರೀಡಾವರ್ಗದ ಗಾಡಿ ಇದೊಂದೇ.

ಇಷ್ಟು ಗೌರವದಿಂದ ಪಟ್ಟಕ್ಕೆ ಬಂದ ಉತ್ತರಾಧಿಕಾರಿಗೆ ಸಿಂಹಾಸನ ಮಾತ್ರ ದೊರೆಯಲಿಲ್ಲ. ಹಳೆಯ ದೊರೆಯು ಏಳಲೇ ಇಲ್ಲ. ೧೯೮೧ರಲ್ಲಿ ಕಂಪೆನಿಗೆ ಪೀಟರ್ ಶುಟ್ಸ್ ಎಂಬುವರು ಮುಖ್ಯರಾಗಿ ಬಂದರು. ಮುಂದಿನ ವರ್ಷಗಳಲ್ಲಿ ಯಾವ ಗಾಡಿ ಎಲ್ಲಿಯವರೆಗೆ ತಯಾರಾಗಬೇಕೆಂಬುದನ್ನು ತೋರಿಸುವ ಒಂದು ನಕ್ಷೆಯು ಹಿರಿಯ ಎಂಜಿನಿಯರರ ಕೋಣೆಯ ಗೋಡೆಯ ಮೇಲೆ ಇತ್ತಂತೆ. ಅದರಲ್ಲಿ ೯೨೮ರ ಗೆರೆ ಮುಂದಕ್ಕೆ ಹರಿದಿತ್ತು, ೯೧೧ರ ಗೆರೆ ಆ ವರ್ಷಕ್ಕೇ ನಿಂತಿತ್ತು. ಶುಟ್ಸ್ ಅವರು ಲೇಖನಿಯನ್ನು ತೆಗೆದುಕೊಂಡು ೯೧೧ರ ಗೆರೆಯನ್ನು ನಕ್ಷೆಯ ಅಂಚಿನವರೆಗೆ ಎಳೆದು, ಅಲ್ಲಿಂದ ಗೋಡೆಯ ಮೇಲೆ ಎಳೆದು, ಬಾಗಿಲಿನಿಂದಾಚೆಗೂ ಎಳೆದುಕೊಂಡು ಹೋದರೆಂದು ಅವರೇ ಹೇಳುತ್ತಿದ್ದರು. ೯೧೧ ಇಂದಿಗೂ ತಯಾರಾಗುತ್ತಿದೆ. ಅದನ್ನು ಕೆಳಗಿಳಿಸಬೇಕೆಂದು ಹುಟ್ಟಿದ ೯೨೮, ಹದಿನೆಂಟು ವರ್ಷಗಳಲ್ಲಿ ಸುಮಾರು ೬೧,೦೦೦ ಗಾಡಿಗಳು ತಯಾರಾಗಿ, ೧೯೯೫ರಲ್ಲಿ ನಿಂತುಹೋಯಿತು.

ಪೋರ್ಷೆ ಭಕ್ತರಲ್ಲಿ ಅನೇಕರು ಇದನ್ನು ಬಹಳ ಕಾಲ ಮನೆತನಕ್ಕೆ ಸೇರಿದುದೆಂದು ಎಣಿಸಲಿಲ್ಲ. ನೀರಿನಿಂದ ತಣಿಯುವ ಎಂಜಿನ್ನು, ಅದೂ ಮುಂದೆ ಇರುವುದು, ಅವರಿಗೆ ಆಚಾರಭಂಗವಾಗಿ ಕಂಡಿತು. ವಿನೋದವೇನೆಂದರೆ, ೯೧೧ಕ್ಕೂ ೧೯೯೭ರಿಂದ ನೀರಿನ ತಣಿಸುವಿಕೆ ಬಂದಿತು. ೨೦೦೨ರಲ್ಲಿ ಕೇಯೆನ್, ೨೦೦೯ರಲ್ಲಿ ಪನಮೇರಾ ಎಂದು ಎಂಜಿನ್ನು ಮುಂದಿರುವ ಗಾಡಿಗಳನ್ನು ಅದೇ ಕಂಪೆನಿ ಮಾಡಿ ಮಾರಿತು. ಆದರೆ ಭಕ್ತರ ಈ ಉದಾಸೀನದಿಂದ ಒಂದು ಫಲವಾಯಿತು. ಬಹುವರ್ಷ ೯೨೮ರ ಬೆಲೆಯು ಅದರ ಯೋಗ್ಯತೆಗೆ ಎಷ್ಟೋ ಕೆಳಗೆ ಇತ್ತು. ಈಗ ಅದು ಏರಿದೆಯಾದರೂ ಅದೇ ಕಾಲದ ೯೧೧ರ ಬೆಲೆಯನ್ನು ಮುಟ್ಟಿಲ್ಲ.

ಯೋಗ್ಯತೆ ಎಂದೆವಷ್ಟೆ, ಅದು ಯಾವುದರಲ್ಲಿದೆಯೆಂಬುದನ್ನು ಹೇಳಬೇಕು. ಅಡ್ಡೆಯ ಮೇಲೆ ನೀರು ಹೊರುವವನನ್ನು ವಾಚಕರು ನೋಡಿರಬಹುದು. ಎರಡು ಕಡೆಯ ಕೊಡಗಳೂ ಸಮವಾಗಿದ್ದರೆ ಆತನು ತುಂಬಿದ ಕೊಡದಿಂದ ಹನಿ ಚೆಲ್ಲದೆ ಓಡುತ್ತಾನೆ. ಒಂದೇ ಕಡೆಗೆ ಭಾರವಾದರೆ ತಿರುವಿನಲ್ಲಿ ತಡವರಿಸುತ್ತಾನೆ. ೯೧೧ರಲ್ಲಿ ಭಾರವೆಲ್ಲ ಬಾಲದಲ್ಲಿ. ತಿರುವಿನ ಮಧ್ಯದಲ್ಲಿ ಚಾಲಕನು ಹೆದರಿ ಕಾಲನ್ನು ತೆಗೆದರೆ ಆ ಬಾಲವು ಮುಂದಕ್ಕೆ ಬರಲು ಹವಣಿಸುತ್ತದೆ. ೯೨೮ರಲ್ಲಿ ಎಂಟು ಸಿಲಿಂಡರುಗಳ ಎಂಜಿನ್ನು ಮುಂದೆ, ಗೇರುಪೆಟ್ಟಿಗೆಯು ಹಿಂದಿನ ಚಕ್ರಗಳ ಬಳಿಯಲ್ಲಿ. ಎರಡನ್ನೂ ಗಟ್ಟಿಯಾದ ಒಂದು ಕೊಳವೆಯು ಕೂಡಿಸುತ್ತದೆ. ಅದರೊಳಗೆ ತೆಳ್ಳನೆಯ ಉಕ್ಕಿನ ಸರಳೊಂದು ಎಂಜಿನ್ನಿನ ವೇಗದಲ್ಲಿಯೇ ತಿರುಗುತ್ತಿರುತ್ತದೆ. ಹೀಗಾಗಿ ಮುಂದಿನ ಚಕ್ರಗಳ ಮೇಲೆಯೂ ಹಿಂದಿನ ಚಕ್ರಗಳ ಮೇಲೆಯೂ ಭಾರವು ಹೆಚ್ಚು ಕಡಮೆ ಸಮ. ಇದು ಚಟ್ಟನೆ ತಿರುಗುವ ಗಾಡಿಯಲ್ಲ. ತಿರುಗಿದ ಮೇಲೆ ಅಲುಗದ ಗಾಡಿ. ಗಂಟೆಗಟ್ಟಲೆ ಓಡಿಸುವವನಿಗೆ ಬೇಕಾದುದು ಈ ಎರಡನೆಯ ಗುಣ.

ಹಿಂದಿನ ಚಕ್ರಗಳನ್ನು ತೂಗಿಸಿರುವ ರೀತಿಯಲ್ಲಿಯೂ ಒಂದು ಜಾಣ್ಮೆಯಿದೆ. ಕಂಪೆನಿಯ ಪರೀಕ್ಷಾಕೇಂದ್ರವಿರುವ ವೈಸಾಖ್ ಎಂಬ ಊರಿನ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ತಿರುವಿನಲ್ಲಿ ಬ್ರೇಕು ಹಾಕಿದರೆ, ಅಥವಾ ಕಾಲನ್ನು ತೆಗೆದರೆ, ಬಹುಪಾಲು ಗಾಡಿಗಳಲ್ಲಿ ಹಿಂದಿನ ಚಕ್ರವು ರಬ್ಬರಿನ ಸಡಿಲದಿಂದ ಸ್ವಲ್ಪ ಹೊರಕ್ಕೆ ಮುಖಮಾಡುತ್ತದೆ. ಗಾಡಿಯು ದಾರಿ ತಪ್ಪುವುದು ಆಗಲೇ. ಈ ಏರ್ಪಾಡಿನಲ್ಲಿಯಾದರೋ ಅದೇ ಒತ್ತಡವೇ ಚಕ್ರವನ್ನು ಒಳಕ್ಕೆ ತಿರುಗಿಸುತ್ತದೆ. ಹೆದರಿದ ಚಾಲಕನ ತಪ್ಪನ್ನು ಗಾಡಿಯು ತಾನೇ ತಿದ್ದುತ್ತದೆ. ಇದರಲ್ಲಿ ವಿದ್ಯುತ್ತಿನ ಮಿದುಳು ಯಾವುದೂ ಇಲ್ಲ. ಕೀಲುಗಳನ್ನು ಯೋಚಿಸಿ ಇಟ್ಟ ಫಲ ಅಷ್ಟೇ.

ಎಂಜಿನ್ನಿನ ಕಟ್ಟಡವು ಅಲ್ಯುಮಿನಿಯಂ. ಅದಕ್ಕೆ ನೂರಕ್ಕೆ ಸುಮಾರು ೧೭ರಷ್ಟು ಸಿಲಿಕಾನನ್ನು ಬೆರಸಿ ಎರಕ ಹೊಯ್ದಿದ್ದಾರೆ. ಸಿಲಿಂಡರಿನ ಒಳಮೈಯನ್ನು ರಾಸಾಯನಿಕದಿಂದ ತೊಳೆದಾಗ ಮೆದುವಾದ ಲೋಹವು ಸ್ವಲ್ಪ ಸವೆದು ಗಡುಸಾದ ಸಿಲಿಕಾನಿನ ಹರಳುಗಳು ಮೇಲೆ ಉಳಿಯುತ್ತವೆ; ಪಿಸ್ಟನ್ನು ಓಡಾಡುವುದು ಈ ಹರಳುಗಳ ಮೇಲೆ. ಎಣ್ಣೆಯನ್ನು ಕಾಲಕಾಲಕ್ಕೆ ಬದಲಾಯಿಸಿದವರ ಗಾಡಿಗಳು ಲಕ್ಷಗಟ್ಟಲೆ ಕಿಲೋಮೀಟರು ಓಡಿಯೂ ಸವೆತವನ್ನು ತೋರಿಸದಿರುವುದಕ್ಕೆ ಇದೂ ಒಂದು ಕಾರಣ. ಮೊದಲಿನ ಎಂಜಿನ್ನು ನಾಲ್ಕೂವರೆ ಲೀಟರಿನದು, ೨೪೦ ಅಶ್ವಶಕ್ತಿಯದು. ೧೯೮೬ರಲ್ಲಿ ಹೊರಬಂದ ಎಸ್-೪ ಎಂಬ ಮಾದರಿಯಲ್ಲಿ ಐದು ಲೀಟರು, ೩೨ ವಾಲ್ವು, ೩೨೦ ಅಶ್ವಶಕ್ತಿ. ಕೊನೆಯ ಜಿ.ಟಿ.ಎಸ್. ಮಾದರಿಯಲ್ಲಿ ೩೫೦. ಎಸ್-೪ ಗಂಟೆಗೆ ಸುಮಾರು ೨೭೦ ಕಿಲೋಮೀಟರು ಓಡಬಲ್ಲುದೆಂದು ಕಂಪೆನಿಯವರು ಹೇಳುತ್ತಿದ್ದರು. ಅಷ್ಟು ಓಡಿಸತಕ್ಕದ್ದೆಂದು ಇದರ ಅರ್ಥವಲ್ಲ. ೧೩೦ ಕಿಲೋಮೀಟರಿನಲ್ಲಿ ಹೋಗುವಾಗ ಎಂಜಿನ್ನು ತನ್ನ ಶಕ್ತಿಯಲ್ಲಿ ಅಲ್ಪಭಾಗವನ್ನು ಮಾತ್ರ ಉಪಯೋಗಿಸುತ್ತ ನಿದ್ದೆಯಲ್ಲಿರುವಂತೆ ಸಾಗುತ್ತದೆ ಎಂಬುದೇ ಇದರ ಪ್ರಯೋಜನ.

ಒಳಗೆ ಕುಳಿತರೆ ಇಂದಿನ ಗಾಡಿಗಳಿಗೂ ಇದಕ್ಕೂ ಇರುವ ಅಂತರವು ಕೂಡಲೇ ತೋರುತ್ತದೆ. ಬೆರಳಿಟ್ಟರೆ ಬದಲಾಗುವ ಗಾಜಿನ ಪರದೆಯಿಲ್ಲ. ಮುಳ್ಳುಗಳುಳ್ಳ ಗಡಿಯಾರದಂತಹ ಮಾಪಕಗಳಿವೆ. ಚಾಲಕಚಕ್ರವನ್ನು ಎತ್ತರಿಸಿದರೆ ಅಥವಾ ತಗ್ಗಿಸಿದರೆ ಮಾಪಕಗಳ ಗೂಡೂ ಅದರ ಸಂಗಡವೇ ಏರಿ ಇಳಿಯುತ್ತದೆ, ಯಾವ ಎತ್ತರದ ಚಾಲಕನಿಗೂ ಮುಳ್ಳು ಮರೆಯಾಗುವುದಿಲ್ಲ. ಹಿಂದೆ ಕುಳಿತ ಮಕ್ಕಳಿಗೂ ಬಿಸಿಲುಮರೆಗಳಿವೆ. ಬೇರೆ ಯಾವ ಗಾಡಿ ಮಾಡುವವನಿಗೆ ಈ ಯೋಚನೆ ಬಂದೀತು? ಮುಂದಿನ ದೀಪಗಳು ಹಗಲಿನಲ್ಲಿ ಆಕಾಶವನ್ನು ನೋಡುತ್ತ ಮಲಗಿದ್ದು, ರಾತ್ರಿಯಾದಾಗ ಎದ್ದು ನಿಲ್ಲುತ್ತವೆ. ಇದನ್ನು ಕೆಲವರು ಕಪ್ಪೆಗೆ ಹೋಲಿಸಿ ನಗುವುದುಂಟು. ನಮ್ಮ ಅಭಿಪ್ರಾಯದಲ್ಲಿ ಈ ಗಾಡಿಯ ರೂಪವು ಹಿಂದಿನಿಂದ ನೋಡಿದರೆ ಹೆಚ್ಚು ಚೆನ್ನು.

ಗುಣಗಳು ಇಷ್ಟು. ಇನ್ನು ಮನೆಯಾಕೆಯು ಕೇಳತಕ್ಕ ಪ್ರಶ್ನೆಗಳಿಗೆ ಬರೋಣ. ಅವು ನ್ಯಾಯವಾದ ಪ್ರಶ್ನೆಗಳು.

ಸ್ಟುಟ್‌ಗಾರ್ಟಿನ ಸಮೀಪದಲ್ಲಿ ನೆಲಸಿರುವ ನಮ್ಮ ಪರಿಚಿತರೊಬ್ಬರು, ಹಾಸನದ ಕಡೆಯ ಎಂಜಿನಿಯರರು, ಎಸ್-೪ ಮಾದರಿಯನ್ನು ಕೊಳ್ಳಬೇಕೆಂದು ಎರಡು ವರ್ಷ ಹಣ ಕೂಡಿಟ್ಟರು. ಅವರ ಪತ್ನಿಯು ಬೇಡವೆನ್ನಲಿಲ್ಲ. “ಗಾಡಿಯ ಬೆಲೆ ಎಷ್ಟೆಂದು ನಾನು ಕೇಳುವುದಿಲ್ಲ, ಒಂದು ವರ್ಷ ಮನೆಯಲ್ಲಿಟ್ಟುಕೊಂಡರೆ ಎಷ್ಟಾಗುತ್ತದೆ, ಅದನ್ನು ಹೇಳಿ” ಎಂದರು. ಇವರಲ್ಲಿ ಉತ್ತರವಿರಲಿಲ್ಲ. ಆಗ ಆಕೆಯು, ನೋಡಿಟ್ಟಿರುವ ಮೂರು ಗಾಡಿಗಳನ್ನೂ ಆ ಮಾದರಿಯನ್ನು ಬಲ್ಲ ಒಬ್ಬ ಮೆಕ್ಯಾನಿಕನಿಗೆ ತೋರಿಸಿ, ಪ್ರತಿಯೊಂದಕ್ಕೂ ಮುಂದಿನ ಎರಡು ವರ್ಷಗಳಲ್ಲಿ ಏನೇನು ಮಾಡಿಸಬೇಕಾದೀತೆಂದು ಬರವಣಿಗೆಯಲ್ಲಿ ಪಡೆಯಬೇಕೆಂದರು. ಆ ಕಾಗದಗಳು ಬಂದಮೇಲೆ ಕೂಡಿಸಿ ನೋಡಿದರೆ, ಮೂರರಲ್ಲಿ ಅತ್ಯಂತ ಅಗ್ಗವಾದ ಗಾಡಿಯೇ ಕೊನೆಗೆ ಅತ್ಯಂತ ದುಬಾರಿಯಾಗಿತ್ತು. ಮುಂಗಡ ಬೆಲೆ ಹೆಚ್ಚಾಗಿದ್ದ, ಆದರೆ ಇಪ್ಪತ್ತೈದು ವರ್ಷಗಳ ರಸೀತಿಗಳನ್ನು ಒಂದು ಕಡತದಲ್ಲಿ ಜೋಡಿಸಿಟ್ಟಿದ್ದ ಗಾಡಿಯನ್ನು ಅವರು ಕೊಂಡರು. ಆ ಕಡತವನ್ನು ಮನೆಯಲ್ಲಿ ಈಗ ಇಟ್ಟುಕೊಂಡಿರುವವರು ಆಕೆಯೇ.

ಹಾಗೆ ಪರೀಕ್ಷಿಸುವಾಗ ಮೊದಲು ಕೇಳಬೇಕಾದುದು ಟೈಮಿಂಗ್ ಬೆಲ್ಟಿನ ವಿಷಯ. ಹಲ್ಲುಗಳುಳ್ಳ ಒಂದೇ ಒಂದು ಉದ್ದವಾದ ರಬ್ಬರಿನ ಪಟ್ಟಿಯು ಎಂಜಿನ್ನಿನ ಎರಡು ಬದಿಯ ವಾಲ್ವುಗಳನ್ನೂ ನೀರಿನ ಪಂಪನ್ನೂ ನಡೆಸುತ್ತದೆ. ೩೨ ವಾಲ್ವುಗಳ ಎಂಜಿನ್ನಿನಲ್ಲಿ ಓಡುತ್ತಿರುವಾಗ ಇದು ಹರಿದರೆ ಪಿಸ್ಟನ್ನುಗಳು ವಾಲ್ವುಗಳಿಗೆ ಬಡಿದು, ಒಂದು ಕ್ಷಣದಲ್ಲಿ ಗಾಡಿಯ ಬೆಲೆಯಷ್ಟೇ ದುರಸ್ತಿ ಬಂದೀತು. ಓಡಿಸದೆ ನಿಲ್ಲಿಸಿದ ಗಾಡಿಯಲ್ಲಿಯೂ ರಬ್ಬರು ಮುದಿಯಾಗುತ್ತದೆ. ಆದುದರಿಂದ ಬಲ್ಲವರು ಓಡಿದ ದೂರದ ಲೆಕ್ಕವನ್ನು ಮಾತ್ರವಲ್ಲದೆ ಕಳೆದ ವರ್ಷಗಳ ಲೆಕ್ಕವನ್ನೂ ಇಡುತ್ತಾರೆ. ಪಟ್ಟಿಯನ್ನು ಬದಲಾಯಿಸುವಾಗಲೇ ನೀರಿನ ಪಂಪನ್ನೂ ಪರೀಕ್ಷಿಸಿಬಿಡಬೇಕು. ಪಂಪು ಹಿಡಿದುಕೊಂಡರೆ ಹೊಸ ಪಟ್ಟಿಯೂ ಉಳಿಯದು. ಒಂದು ಸಮಾಧಾನವೆಂದರೆ, ಎಂಜಿನ್ನು ಮುಂದೆ ಇರುವುದರಿಂದ ಈ ಕೆಲಸವನ್ನು ಅದನ್ನು ಕೆಳಗಿಳಿಸದೆಯೇ ಮಾಡಬಹುದು.

ಎರಡನೆಯದು ವಿದ್ಯುತ್ತಿನ ತಂತಿಗಳು. ಫ್ಯೂಸುಗಳೂ ರಿಲೇಗಳೂ ಮುಂದಿನ ಸಹಪ್ರಯಾಣಿಕನ ಕಾಲಿನ ಬಳಿ ಒಂದು ಹಲಗೆಯ ಮೇಲೆ ಇವೆ. ಮೂವತ್ತು ವರ್ಷಗಳಲ್ಲಿ ಅವುಗಳ ತುದಿಗಳೂ, ಮೈಗೆ ತಂತಿ ಕೂಡುವ ಸ್ಥಳಗಳೂ ಕಿಲುಬು ಹಿಡಿದಿರುತ್ತವೆ. ಒಂದು ದಿನ ಕಿಟಕಿ ಏಳದು, ಮತ್ತೊಂದು ದಿನ ದೀಪವು ಏಳದು. ಇದನ್ನು ದೊಡ್ಡ ರೋಗವೆಂದು ಭ್ರಮಿಸಿ ಭಾಗಗಳನ್ನೇ ಬದಲಾಯಿಸುತ್ತ ಹೋದವರು ಹಣವನ್ನು ಕಳೆದುಕೊಂಡಿದ್ದಾರೆ. ಒಂದು ಭಾನುವಾರ ಕುಳಿತು ಎಲ್ಲ ತುದಿಗಳನ್ನೂ ಉಜ್ಜಿ ಶುಚಿಮಾಡಿದವರಿಗೆ ಅರ್ಧಕ್ಕರ್ಧ ತೊಂದರೆ ಹೋಗಿದೆ. ಹಿತ್ತಾಳೆಯ ಪಾತ್ರೆಗಳನ್ನು ಹುಣಿಸೆಹಣ್ಣಿನಿಂದ ಬೆಳಗಿ ಬೆಳೆದವರಿಗೆ ಈ ಕೆಲಸವನ್ನು ಹೇಳಿಕೊಡಬೇಕಾಗಿಲ್ಲ (ಇಲ್ಲಿ ಹುಣಿಸೆಹಣ್ಣನ್ನು ಉಪಯೋಗಿಸಲಾಗದು). ಮೂರನೆಯದೊಂದಿದೆ. ಗೇರನ್ನು ತಾನೇ ಬದಲಿಸಿಕೊಳ್ಳುವ ಗಾಡಿಗಳಲ್ಲಿ ಮುಂದಿನ ತಿರುಗುಸರಳು ಕಾಲಕ್ರಮದಲ್ಲಿ ಜರುಗಿ, ಎಂಜಿನ್ನಿನ ಒಳಗಿನ ಒಂದು ಬೇರಿಂಗನ್ನು ತಳ್ಳಿ ಕೆಡಿಸುವುದುಂಟು. ಇದು ಹೊರಗೆ ಕಾಣುವುದಿಲ್ಲ. ಅಳತೆ ಮಾಡಿ ನೋಡಿಸದೆ ಅಂತಹ ಗಾಡಿಯನ್ನು ಕೊಳ್ಳತಕ್ಕದ್ದಲ್ಲ.

ಪೆಟ್ರೋಲಿನ ವಿಷಯದಲ್ಲಿ ಮುಚ್ಚುಮರೆಯೇಕೆ? ಲೀಟರಿಗೆ ಆರೇಳು ಕಿಲೋಮೀಟರಿಗಿಂತ ಹೆಚ್ಚಾಗಿ ಎಸ್-೪ ಗಾಡಿಯಿಂದ ನಿರೀಕ್ಷಿಸಬಾರದು. ತೊಟ್ಟಿಯು ೮೬ ಲೀಟರಿನದು. ಪ್ರತಿದಿನ ಕಚೇರಿಗೆ ಇದರಲ್ಲಿ ಹೋಗಿಬರುವವನ ಆದಾಯವನ್ನು ನಾವು ವಿಚಾರಿಸುವುದಿಲ್ಲ, ವಿವೇಕವನ್ನು ಮಾತ್ರ ವಿಚಾರಿಸುತ್ತೇವೆ. ಹೊಗೆಯ ಪ್ರಶ್ನೆಯೂ ಇದೆ. ಭೂಮಿಯ ತಾಪವು ಏರುತ್ತಿರುವ ಈ ಕಾಲದಲ್ಲಿ ಇಂತಹ ಎಂಜಿನ್ನನ್ನು ವಿನೋದಕ್ಕಾಗಿ ಇಟ್ಟುಕೊಳ್ಳುವುದು ಸರಿಯೇ ಎಂದು ಮನೆಯ ಮಕ್ಕಳೇ ಕೇಳಿಯಾರು. ವರ್ಷಕ್ಕೆ ಮೂರು ನಾಲ್ಕು ಸಾವಿರ ಕಿಲೋಮೀಟರು ಮಾತ್ರ ಓಡುವ ಹಳೆಯ ಗಾಡಿಯು ದಿನವೂ ಓಡುವ ಗಾಡಿಯಷ್ಟು ಸುಡುವುದಿಲ್ಲವೆಂಬುದು ನಿಜ. ಅದು ಉತ್ತರದ ಒಂದು ಭಾಗವೇ ಹೊರತು ಪೂರ್ಣವಾದ ಉತ್ತರವಲ್ಲ. ಮಕ್ಕಳಿಗೆ ಹಾಗೆಯೇ ಹೇಳುವುದು ಮೇಲು.

ಸರಕಾರಗಳ ಕಾನೂನುಗಳೂ ದೇಶದಿಂದ ದೇಶಕ್ಕೆ ಬೇರೆಯಾಗಿವೆ. ಜರ್ಮನಿಯಲ್ಲಿ ಮೂವತ್ತು ವರ್ಷ ತುಂಬಿ, ಮೂಲಸ್ಥಿತಿಯಲ್ಲಿ ಚೆನ್ನಾಗಿ ಉಳಿದಿದೆಯೆಂದು ಪರೀಕ್ಷಕನು ಒಪ್ಪಿದ ಗಾಡಿಗೆ ಸಂಖ್ಯಾಫಲಕದ ಕೊನೆಯಲ್ಲಿ ‘ಹೆಚ್’ ಎಂಬ ಅಕ್ಷರವನ್ನು ಕೊಡುತ್ತಾರೆ. ೧೯೯೭ರಲ್ಲಿ ಬಂದ ಪದ್ಧತಿಯಿದು. ಅಂತಹ ಗಾಡಿಗೆ ಎಂಜಿನ್ನು ಎಷ್ಟೇ ದೊಡ್ಡದಾಗಿರಲಿ ವಾರ್ಷಿಕ ತೆರಿಗೆ ೧೯೧ ಯೂರೋ ೭೩ ಸೆಂಟು. ಪಟ್ಟಣಗಳ ಹೊಗೆನಿಷೇಧದ ವಲಯಗಳಿಗೂ ಅದು ಹೋಗಬಹುದು. ಕೊನೆಯ ೯೨೮ ೧೯೯೫ರದಾದುದರಿಂದ ಈಗ ಆ ವಂಶದ ಎಲ್ಲ ಗಾಡಿಗಳೂ ಈ ವಯಸ್ಸನ್ನು ಮುಟ್ಟಿವೆ. ಇಂಗ್ಲೆಂಡಿನಲ್ಲಿ ಮಾತ್ರ ನಲವತ್ತು ತುಂಬಬೇಕು. ನಲವತ್ತಾದ ಗಾಡಿಗೆ ರಸ್ತೆಯ ತೆರಿಗೆಯಿಲ್ಲ. ಲಂಡನ್ನಿನ ಹೊಗೆವಲಯದ ದಿನದ ಶುಲ್ಕವಾದ ಹನ್ನೆರಡೂವರೆ ಪೌಂಡಿನಿಂದಲೂ ವಿನಾಯಿತಿ. ಆ ವಲಯವನ್ನು ೨೦೨೩ರ ಆಗಸ್ಟಿನಲ್ಲಿ ಲಂಡನ್ನಿನ ಎಲ್ಲ ಭಾಗಗಳಿಗೂ ವಿಸ್ತರಿಸಿದರು. ಹೀಗಾಗಿ ೧೯೭೮ರ ಗಾಡಿಯವನು ಸುಮ್ಮನೆ ಹೋಗುತ್ತಾನೆ, ೧೯೯೩ರ ಗಾಡಿಯವನು ಹನ್ನೆರಡೂವರೆ ಪೌಂಡು ಕಟ್ಟಿ ಹೋಗುತ್ತಾನೆ. ಮುಪ್ಪಿನಲ್ಲಿಯೂ ತಾರತಮ್ಯ!

ರಕ್ಷಣೆಯ ಮಾತನ್ನು ಬಿಡಲಾಗದು. ಅಪಘಾತದಲ್ಲಿ ಉಬ್ಬುವ ಗಾಳಿಚೀಲಗಳು ಎಂಬತ್ತರ ದಶಕದ ಈ ಗಾಡಿಗಳಲ್ಲಿ ಇಲ್ಲ. ಮೈಯು ಗಟ್ಟಿಯಾದುದೇ, ಆದರೂ ಇಂದು ತಯಾರಾಗುವ ಸಾಮಾನ್ಯವಾದ ಗಾಡಿಯೂ ಒಳಗಿರುವವರನ್ನು ಇದಕ್ಕಿಂತ ಚೆನ್ನಾಗಿ ಕಾಪಾಡೀತು. ಮಕ್ಕಳನ್ನು ಕೂರಿಸುವ ತಂದೆತಾಯಿಗಳು ಇದನ್ನು ತಿಳಿದೇ ಕೂರಿಸಬೇಕು. ರಾತ್ರಿಯಲ್ಲಿ, ಮಳೆಯಲ್ಲಿ, ರಜದ ದಿನಗಳ ನೂಕುನುಗ್ಗಲಿನಲ್ಲಿ ಇದನ್ನು ಹೊರಕ್ಕೆ ತೆಗೆಯದಿರುವುದು ಲೇಸು.

ಇಷ್ಟೆಲ್ಲ ತೊಂದರೆಯಿರುವಾಗ ಜನರು ಇದನ್ನು ಏಕೆ ಕೊಳ್ಳುತ್ತಾರೆ? ಅಂದವೆನ್ನುವವರುಂಟು, ಎಂಜಿನ್ನಿನ ನಾದವೆನ್ನುವವರುಂಟು, ಬೆಲೆಯು ಏರೀತೆಂಬ ಆಸೆಯವರೂ ಉಂಟು. ಈ ಕೊನೆಯವರಿಗೆ ಬ್ಯಾಂಕಿನ ಠೇವಣಿಯೇ ಉತ್ತಮವೆಂದು ನಾವು ಹೇಳುತ್ತೇವೆ, ಏಕೆಂದರೆ ಠೇವಣಿಗೆ ಎಣ್ಣೆ ಹಾಕಬೇಕಾಗಿಲ್ಲ. ನಮಗೆ ಸರಿಯಾದ ಕಾರಣವಾಗಿ ತೋರುವುದು ಹಿಂದಿನ ಆ ಎರಡು ಚಿಕ್ಕ ಆಸನಗಳು.

ಆ ಆಸನಗಳಲ್ಲಿ ದೊಡ್ಡವರು ಕುಳಿತುಕೊಳ್ಳಲಾರರು. ತಲೆಯು ಹಿಂದಿನ ಗಾಜಿಗೆ ತಾಗುತ್ತದೆ, ಕಾಲಿಗೆ ಸ್ಥಳವಿಲ್ಲ. ಆದರೆ ಹತ್ತು ಹನ್ನೊಂದು ವಯಸ್ಸಿನವರೆಗಿನ ಮಕ್ಕಳಿಗೆ ಅವು ಹೇಳಿ ಮಾಡಿಸಿದ ಗೂಡುಗಳು. ಮೇಲೆ ಹೇಳಿದ ನಮ್ಮ ಪರಿಚಿತರಿಗೆ ಆಗ ಮಗಳಿಗೆ ಒಂಬತ್ತು, ಮಗನಿಗೆ ಆರು. ಒಂದು ಜೂನ್ ತಿಂಗಳಲ್ಲಿ, ಶಾಸನದಂತೆ ಮಕ್ಕಳ ಪೀಠಗಳನ್ನು ಕಟ್ಟಿ, ಸ್ಟುಟ್‌ಗಾರ್ಟಿನ ಕಡೆಯಿಂದ ಹೊರಟು ಸ್ವಿಟ್ಜರ್ಲೆಂಡನ್ನು ಹಾದು ಇಟಲಿಯ ಕೋಮೊ ಸರೋವರದವರೆಗೆ ಹೋದರು. ದೂರ ಸುಮಾರು ೪೫೦ ಕಿಲೋಮೀಟರು. ೧೯೮೦ರಲ್ಲಿ ತೆರೆದ ಗೊಟ್ಹಾರ್ಡ್ ಸುರಂಗವು ೧೬.೯ ಕಿಲೋಮೀಟರು ಉದ್ದವಾಗಿದ್ದು ಪರ್ವತವನ್ನು ನೇರವಾಗಿ ದಾಟಿಸುತ್ತದೆ. ಇವರು ಸುರಂಗವನ್ನು ಬಿಟ್ಟು, ಸುಮಾರು ೨,೧೦೦ ಮೀಟರು ಎತ್ತರದ ಕಣಿವೆಯ ಹಳೆಯ ದಾರಿಯನ್ನೇ ಹಿಡಿದರು. ದಕ್ಷಿಣದ ಇಳಿಜಾರಿನಲ್ಲಿ ಟ್ರೆಮೋಲಾ ಎಂಬ ಭಾಗವು ಇಂದಿಗೂ ಕಲ್ಲು ಹಾಸಿದ ರಸ್ತೆಯಾಗಿದ್ದು ಹಾವಿನಂತೆ ಸುತ್ತಿಕೊಂಡು ಇಳಿಯುತ್ತದೆ. ಸುರಂಗದಲ್ಲಿ ಹೋಗಿದ್ದರೆ ಒಂದು ಗಂಟೆಯಾದರೂ ಮುಂಚೆ ತಲಪುತ್ತಿದ್ದರು. ಮಕ್ಕಳಿಬ್ಬರೂ ತಮ್ಮ ಬಿಸಿಲುಮರೆಗಳನ್ನು ಏರಿಸಿ ಇಳಿಸಿ ಆಡುತ್ತ, ತಿರುವುಗಳನ್ನು ಎಣಿಸುತ್ತ ಜಗಳವಾಡಿದರಂತೆ. ಮಗಳ ಲೆಕ್ಕಕ್ಕೂ ಮಗನ ಲೆಕ್ಕಕ್ಕೂ ಮೂರು ವ್ಯತ್ಯಾಸ ಬಂದಿತಂತೆ. ಮನೆಯ ದೊಡ್ಡ ಗಾಡಿಯಲ್ಲಿ ಹೋದಾಗಲೆಲ್ಲ ಇದೇ ಮಕ್ಕಳು ಪರದೆಯನ್ನು ನೋಡುತ್ತ ಕುಳಿತಿರುತ್ತಾರೆ, ದಾರಿಯಲ್ಲಿ ಏನು ಕಂಡಿತೆಂದು ಕೇಳಿದರೆ ಹೇಳಲಾರರು ಎಂದು ತಾಯಿಯು ನಮಗೆ ಬರೆದ ಕಾಗದದಲ್ಲಿ ಸೇರಿಸಿದ್ದರು.

ಮಗಳಿಗೆ ಈಗ ಹನ್ನೆರಡು ಮೀರುತ್ತಿದೆ. ಮೊಣಕಾಲು ಮುಂದಿನ ಆಸನಕ್ಕೆ ಒತ್ತುತ್ತದೆ. ನಾಲ್ವರೂ ಒಟ್ಟಿಗೆ ಕುಳಿತು ಹೋಗುವ ಕಾಲವು ಆ ಗಾಡಿಯಲ್ಲಿ ಹೆಚ್ಚೆಂದರೆ ಇನ್ನೊಂದು ಬೇಸಗೆ. ಗಾಡಿಯನ್ನು ಕೊಳ್ಳಬೇಕೆಂದು ಯೋಚಿಸುತ್ತಿರುವ ತಂದೆತಾಯಿಗಳು ನೋಡಬೇಕಾದ ಲೆಕ್ಕಗಳಲ್ಲಿ ಇದೂ ಒಂದು. ನಿವೃತ್ತಿಯಾದ ಮೇಲೆ ನೋಡೋಣವೆನ್ನುವವರಿಗೆ ಗಾಡಿ ದೊರೆತೀತು. ಹಿಂದಿನ ಆಸನಗಳಲ್ಲಿ ಮಾತ್ರ ಸಾಮಾನು ಇರುತ್ತದೆ.

ಕೊಂಡವರು ಚಳಿಗಾಲದಲ್ಲಿ ಇದನ್ನು ನಿಲ್ಲಿಸಿಡುವ ಪದ್ಧತಿಯನ್ನೂ ತಿಳಿದಿರಬೇಕು. ಯೂರೋಪಿನಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪನ್ನು ಚೆಲ್ಲುತ್ತಾರೆ. ಸತುವಿನ ಲೇಪವಿದ್ದರೂ ಉಪ್ಪು ಬ್ರೇಕಿನ ಕೊಳವೆಗಳನ್ನು ಬಿಡುವುದಿಲ್ಲ. ನವೆಂಬರಿನಿಂದ ಮಾರ್ಚಿಯವರೆಗೆ ಒಣಗಿದ ಕೊಟ್ಟಿಗೆಯಲ್ಲಿ, ಹೊಸ ಎಣ್ಣೆ ಹಾಕಿ, ತೊಟ್ಟಿಯನ್ನು ತುಂಬಿ, ಬ್ಯಾಟರಿಗೆ ಸಣ್ಣ ಚಾರ್ಜರನ್ನು ಸೇರಿಸಿ, ಚಕ್ರಗಳಲ್ಲಿ ಗಾಳಿಯನ್ನು ಸ್ವಲ್ಪ ಹೆಚ್ಚಿಸಿ ಇಡತಕ್ಕದ್ದು. ಮಧ್ಯೆ ಮಧ್ಯೆ ಐದು ನಿಮಿಷ ಎಂಜಿನ್ನನ್ನು ಹೊಡೆಸಿ ನಿಲ್ಲಿಸುವ ಅಭ್ಯಾಸವು ಕೆಲವರಲ್ಲಿದೆ. ಅದು ಸರಿಯಲ್ಲ. ಪೂರ್ತಿ ಕಾಯದ ಎಂಜಿನ್ನಿನಲ್ಲಿ ನೀರಿನ ಅಂಶವು ಎಣ್ಣೆಯಲ್ಲಿ ಉಳಿದು ಕೇಡು ಮಾಡುತ್ತದೆ. ಹೊಡೆಸುವುದಾದರೆ ಒಣಗಿದ ರಸ್ತೆಯಿರುವ ದಿನ ನೋ‌ಡಿ ಅರ್ಧ ಗಂಟೆ ಓಡಿಸಿ ತರಬೇಕು, ಇಲ್ಲವೆ ಮುಟ್ಟದೆ ಇರಬೇಕು. ಕೊಟ್ಟಿಗೆಯ ಅಳತೆಯನ್ನಾದರೋ ಮುಂಗಡ ಹಣ ಕೊಡುವುದಕ್ಕೆ ಮೊದಲೇ ನೋಡಿಕೊಳ್ಳತಕ್ಕದ್ದು. ಎಸ್-೪ ಗಾಡಿಯ ಉದ್ದ ನಾಲ್ಕೂವರೆ ಮೀಟರು, ಅಗಲ ೧.೮೪ ಮೀಟರು, ಜಿ.ಟಿ.ಎಸ್. ಇನ್ನೂ ಐದು ಸೆಂಟಿಮೀಟರು ಅಗಲ. ಬಾಗಿಲುಗಳು ಎರಡೇ ಆದುದರಿಂದ ಬಹಳ ಉದ್ದವಾಗಿವೆ. ಗಾಡಿಯು ಒಳಕ್ಕೆ ಹೋದರೆ ಸಾಲದು, ಒಳಗಿರುವವರು ಬಾಗಿಲು ತೆರೆದು ಇಳಿಯಲೂ ಸ್ಥಳವಿರಬೇಕು.